ಗೆಲುವಿಗೆ ಮುನ್ನಿನ ವರ್ಷಗಳು

2024ರ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನಲ್ಲಿ, ಅರ್ಹತಾ ಸುತ್ತುಗಳನ್ನು ದಾಟಿಬಂದ ಹರಿಯಾಣದ ಸುಮಿತ್ ನಾಗಲ್, 31ನೆಯ ಶ್ರೇಯಾಂಕಿತ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಪರಾಭವಗೊಳಿಸಿದಾಗ, ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನೊಬ್ಬನನ್ನು ಮಣಿಸಿದ ಕೀರ್ತಿ, 1989ರಲ್ಲಿ ಮ್ಯಾಟ್ಸ್ ವಿಲಾಂಡರ್ ಅವರನ್ನು ಜಯಿಸಿದ್ದ ರಮೇಶ್ ಕೃಷ್ಣನ್ನರ ತರುವಾಯ, ಭಾರತೀಯ ಪುರುಷನೊಬ್ಬನಿಗೆ ಮರಳಿ ಲಭಿಸಿತು. ಆದರೆ ಆ ಜಯಘೋಷಕ್ಕೆ ಕೆಲವೇ ತಿಂಗಳ ಮುನ್ನ, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೋ ಮಾತ್ರವೆಂದು ನಾಗಲ್ ಅವರೇ ಹೇಳಿಕೊಂಡಿದ್ದರೆಂಬುದನ್ನು ನಾವು ಮರೆಯಲಾಗದು. ತರಬೇತುದಾರನ ವೇತನ, ವಿಮಾನಯಾನ, ವಸತಿ, ಫಿಸಿಯೋ ಇವೆಲ್ಲದರ ವೆಚ್ಚದ ಬಹುಭಾಗವನ್ನು ಆಟಗಾರನೇ ಭರಿಸಬೇಕಾದ ಈ ಕ್ರೀಡೆಯಲ್ಲಿ, ಕೆಳಹಂತದ ಚಾಲೆಂಜರ್ ಪಂದ್ಯಾವಳಿಗಳ ಅಲ್ಪ ಬಹುಮಾನಧನವು ಬಹುಮಟ್ಟಿಗೆ ಪ್ರಯಾಣದಲ್ಲಿಯೇ ಕರಗಿಹೋಗುತ್ತದೆ. ಗೆದ್ದವನಿಗೆ ಹಾರತುರಾಯಿಗಳನ್ನು ಅರ್ಪಿಸಲು ಧಾವಿಸುವ ಸರ್ಕಾರವೂ ಉದ್ಯಮಪತಿಗಳೂ, ಗೆಲುವಿಗೆ ಮೊದಲಿನ ಏಕಾಕಿ ವರ್ಷಗಳಲ್ಲಿ ನಿಶ್ಚಿತ ಸಹಾಯಧನವಿತ್ತು ಅವನನ್ನು ಪೋಷಿಸುವುದೇ ನ್ಯಾಯವೆಂದು ನಾನು ಬಗೆಯುತ್ತೇನೆ.