ಚಳಿಗಾಲದ ಧೂಳು: ಕಾರಿನ ಬಣ್ಣ ಉಳಿಸುವ ಖರ್ಚು ಯಾರ ಹೆಗಲಿಗೆ?

ಅಳವಂಡಿ (ಕೊಪ್ಪಳ ಜಿಲ್ಲೆ): ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಲು ಹೊರಡುವ ಇಲ್ಲಿನ ಕುಟುಂಬಗಳು ಹಿಂದೆ ಸವಾರಿ ಬಂಡಿ ಕಟ್ಟುತ್ತಿದ್ದವು. ಈಗ ಟ್ರ್ಯಾಕ್ಟರುಗಳ ಜೊತೆಗೆ ಕಾರುಗಳೂ ಎರೆಹೊಲದ ದಾರಿ ಹಿಡಿಯುತ್ತವೆ. ಹುಬ್ಬಳ್ಳಿ, ಬೆಂಗಳೂರುಗಳಿಂದ ಹಬ್ಬಕ್ಕೆ ಬಂದವರ ಕಾರುಗಳು ಸಂಜೆ ಊರಿಗೆ ಮರಳುವಾಗ ಬಾಗಿಲುಗಳ ಮೇಲೆ ಬಳ್ಳಾರಿ ಜಾಲಿಯ ಮುಳ್ಳು ಎಳೆದ ಗೀರುಗಳಿರುತ್ತವೆ, ಮೈತುಂಬ ಕಪ್ಪು ಮಣ್ಣಿನ ಪುಡಿಯಿರುತ್ತದೆ. ಮುಂದಿನ ತಿಂಗಳೊಪ್ಪತ್ತಿನಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಅದರ ಬೆನ್ನಿಗೇ ಕಡಲೆ ಮತ್ತು ಜೋಳದ ರಾಶಿ. ಮಳೆಯಿಲ್ಲದ, ಇಬ್ಬನಿ ಮಾತ್ರವಿರುವ ಈ ಅವಧಿಯೇ ಈ ಭಾಗದಲ್ಲಿ ವಾಹನಗಳ ಬಣ್ಣಕ್ಕೆ ವರ್ಷದ ಅತ್ಯಂತ ಕಠಿಣ ಕಾಲ.

ಹಿಮ ಬೀಳದ ನಾಡಿನಲ್ಲಿ ಚಳಿಗಾಲ ಕಾರಿಗೇನು ಮಾಡೀತು ಎಂಬ ಪ್ರಶ್ನೆ ಸಹಜ. ಅಮೆರಿಕ, ಕೆನಡಾಗಳಲ್ಲಿ ಹಿಮ ಕರಗಿಸಲು ರಸ್ತೆಗಳಿಗೆ ಸುರಿಯುವ ಉಪ್ಪು ವಾಹನದ ತಳಭಾಗವನ್ನು ತುಕ್ಕಿಗೆ ಒಡ್ಡುತ್ತದೆ. ಅಲ್ಲಿ ಹಾನಿ ಕೆಳಗಿನಿಂದ ಬಂದರೆ ಇಲ್ಲಿ ಮೇಲಿನಿಂದ ಬರುತ್ತದೆ. ಇಂದಿನ ಕಾರುಗಳ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರವಿರುತ್ತದೆ. ಕ್ಲಿಯರ್ ಕೋಟ್ ಎಂದು ಕರೆಯಲಾಗುವ ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಹೊಳಪು ಇರುವುದು ಈ ಪದರದಲ್ಲಿಯೇ. ಮರಳಿನ ಹರಳು ಇದಕ್ಕಿಂತ ಎಷ್ಟೋ ಪಾಲು ಗಟ್ಟಿ, ಕಬ್ಬಿಣದ ಅದಿರಿನ ಪುಡಿಯೂ ಹಾಗೆಯೇ.

ಆದರೆ ಧೂಳು ಸುಮ್ಮನೆ ಕುಳಿತಿದ್ದರೆ ಗೀರು ಬೀಳುವುದಿಲ್ಲ. ಗೀರು ಎಳೆಯುವುದು ಅದನ್ನು ಒರೆಸುವ ಕೈ. ರಾತ್ರಿ ಇಬ್ಬನಿಯಲ್ಲಿ ನೆನೆದು ಅಂಟಿಕೊಂಡ ಧೂಳನ್ನು ಬೆಳಿಗ್ಗೆ ಒಣಬಟ್ಟೆಯಿಂದ ತಿಕ್ಕುವ ರೂಢಿ ಕೊಪ್ಪಳದ ಟ್ಯಾಕ್ಸಿ ನಿಲ್ದಾಣದಿಂದ ಬೆಂಗಳೂರಿನ ಅಪಾರ್ಟ್‌ಮೆಂಟುಗಳವರೆಗೆ ಎಲ್ಲೆಡೆ ಇದೆ. ಮಾಲೀಕರೇ ತಿಂಗಳ ಸಂಬಳ ಕೊಟ್ಟು ಮಾಡಿಸುವ ಈ ಸೇವೆ, ವಾಸ್ತವದಲ್ಲಿ ದಿನಕ್ಕೊಮ್ಮೆ ಕಾರಿಗೆ ಉಪ್ಪುಕಾಗದ ಉಜ್ಜಿದಂತೆ. ಕಪ್ಪು ಬಣ್ಣದ ಕಾರನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರೆ ಜೇಡರ ಬಲೆಯಂತೆ ಕಾಣುವ ಸೂಕ್ಷ್ಮ ಗೆರೆಗಳು ಇದರ ಫಲ.

ಹೊದಿಕೆ ಹಾಕಿದರೆ ಸಾಲದೇ ಎಂಬ ಮಾತೂ ಕೇಳಿಬರುತ್ತದೆ. ಎರೆಭಾಗದ ರೈತರಿಗೆ ಇದರ ಉತ್ತರ ಬೇರೊಂದು ರೀತಿಯಲ್ಲಿ ಗೊತ್ತು. ಕಡಲೆ ಹುಳಿ ಸಂಗ್ರಹಿಸುವವರು ಬೆಳಗಿನ ಜಾವ ಗಿಡಗಳ ಮೇಲೆ ಬಟ್ಟೆ ಹಾಸಿ, ಎಲೆಗಳ ಹುಳಿಯೊಂದಿಗೆ ಬೆರೆತ ಇಬ್ಬನಿಯನ್ನು ಹೀರಿಸಿ ಹಿಂಡಿಕೊಳ್ಳುತ್ತಾರೆ. ಧೂಳು ತುಂಬಿದ ಕಾರಿನ ಮೇಲೆ ಹಾಕಿದ ಬಟ್ಟೆಯ ಹೊದಿಕೆಯೂ ಅದೇ ಕೆಲಸ ಮಾಡುತ್ತದೆ: ಇಬ್ಬನಿ ಹೀರಿ, ಧೂಳಿನ ಕೆಸರನ್ನು ಬಣ್ಣಕ್ಕೆ ಒತ್ತಿ ಹಿಡಿಯುತ್ತದೆ. ಗಾಳಿಗೆ ಅಲುಗಿದಾಗಲೆಲ್ಲ ತಿಕ್ಕುತ್ತದೆ. ತೊಳೆದ ಕಾರಿಗೆ ಮಾತ್ರ ಹೊದಿಕೆ ಲೇಸು. ಇಲ್ಲವಾದರೆ ತಗಡಿನ ನೆರಳೇ ಸಾಕು.

ಹಾಗಾದರೆ ಕಡಿಮೆ ಖರ್ಚಿನ ದಾರಿ ಯಾವುದು? ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು, ಆ ಬಳಿಕವಷ್ಟೇ ಬಟ್ಟೆ ಮುಟ್ಟಿಸಬೇಕು. ಎರಡು ಬಕೆಟ್ ಇಟ್ಟುಕೊಂಡು ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಬಳಸಿದರೆ ಮಣ್ಣು ಮತ್ತೆ ಬಣ್ಣಕ್ಕೆ ಮರಳುವುದಿಲ್ಲ. ಹಳೆಯ ಬನಿಯನ್ನಿಗಿಂತ ಮೈಕ್ರೋಫೈಬರ್ ಬಟ್ಟೆ ಮೇಲು. ಅದರ ಬೆಲೆ ಒಂದು ಊಟದ ಬೆಲೆಗಿಂತ ಹೆಚ್ಚಿರದು. ಬಟ್ಟೆ ಒಗೆಯುವ ಪುಡಿಯನ್ನು ದೂರವಿಡಬೇಕು, ಅದು ಇದ್ದ ಮೇಣವನ್ನೂ ಕಿತ್ತೊಯ್ಯುತ್ತದೆ. ಹೊಳಪಿಗಾಗಿ ಸೀಮೆಎಣ್ಣೆ, ಡೀಸೆಲ್ ಹಚ್ಚಿ ಒರೆಸುವ ಚಾಲಕರಿದ್ದಾರೆ. ಆ ಹೊಳಪು ಒಂದು ದಿನದ್ದು. ಎಣ್ಣೆಯ ಪಸೆ ಮರುದಿನದ ಧೂಳನ್ನು ಇಮ್ಮಡಿಯಾಗಿ ಹಿಡಿದಿಡುತ್ತದೆ.

ಇಲ್ಲಿ ನೀರಿನದೇ ಒಂದು ಸಮಸ್ಯೆ. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ದಾಖಲಾದ ಸಂಗತಿ. ಅನೇಕ ಕೊಳವೆ ಬಾವಿಗಳ ನೀರು ಗಡಸು ಕೂಡ. ಇಂಥ ನೀರು ಬಿಸಿಲಿನಲ್ಲಿ ಕಾರಿನ ಮೇಲೆಯೇ ಒಣಗಿದರೆ ಲವಣಗಳ ಬಿಳಿ ಉಂಗುರಗಳು ಉಳಿಯುತ್ತವೆ, ಕಾಲಕ್ರಮೇಣ ಅವು ಪದರದೊಳಕ್ಕೇ ಕೊರೆದುಕೊಳ್ಳುತ್ತವೆ. ನೆರಳಿನಲ್ಲಿ ತೊಳೆದು ಕೂಡಲೇ ಒರೆಸುವುದು ಇದಕ್ಕೆ ಪರಿಹಾರ. ಕೊನೆಯ ಸುತ್ತಿಗೆ ಶುದ್ಧ ಕುಡಿಯುವ ನೀರಿನ ಘಟಕದ ಅರ್ಧ ಬಕೆಟ್ ನೀರು ಸಾಕಾಗುತ್ತದೆ. ಘಟಕದಿಂದ ಹೊರಹೋಗುವ ತ್ಯಾಜ್ಯ ನೀರು ಪುಕ್ಕಟೆ ಸಿಗುತ್ತದೆಂದು ಅದರಿಂದ ತೊಳೆಯುವವರು ಗಮನಿಸಬೇಕು: ಶುದ್ಧೀಕರಣದಲ್ಲಿ ಬೇರ್ಪಟ್ಟ ಲವಣವೆಲ್ಲ ಸೇರುವುದು ಆ ನೀರಿಗೇ.

ತೊಳೆದ ಮೇಲೆ ಮೇಣ. ಚಳಿಗಾಲದ ಆರಂಭದಲ್ಲೊಮ್ಮೆ, ಸಂಕ್ರಾಂತಿಯ ಆಸುಪಾಸಿನಲ್ಲೊಮ್ಮೆ ತೆಳುವಾಗಿ ಹಚ್ಚಿದರೆ ಋತು ಕಳೆಯುತ್ತದೆ. ಕೆಲವು ನೂರು ರೂಪಾಯಿಯ ಒಂದು ಡಬ್ಬಿ ಸಣ್ಣ ಕಾರಿಗೆ ವರ್ಷವಿಡೀ ಬರುತ್ತದೆ. ಹತ್ತಾರು ಸಾವಿರ ರೂಪಾಯಿಯ ಸೆರಾಮಿಕ್ ಲೇಪನ, ಅದಕ್ಕೂ ದುಬಾರಿಯಾದ ಪಾರದರ್ಶಕ ಹಾಳೆಗಳ ಜಾಹೀರಾತು ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಮೂರು-ನಾಲ್ಕು ಲಕ್ಷ ರೂಪಾಯಿಗೆ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವವನಿಗೆ ಅದು ಲೆಕ್ಕಕ್ಕೆ ಕೂರುವ ಖರ್ಚಲ್ಲ. ಲೇಪನ ಮಾಡಿಸಿದ ಕಾರನ್ನೂ ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಜಲ್ಲಿ ಸಿಡಿದು ಬಣ್ಣ ಎದ್ದಲ್ಲಿ ಮಾತ್ರ ತಡಮಾಡದೆ ಟಚ್‌ಅಪ್ ಪೇಂಟ್ ಮುಟ್ಟಿಸುವುದು ಜಾಣತನ. ಬರಿಗಣ್ಣಿಗೆ ಕಾಣುವ ತಗಡು ಮುಂದಿನ ಮುಂಗಾರಿಗೆ ತುಕ್ಕು ಹಿಡಿಯುತ್ತದೆ.

ಇಷ್ಟೆಲ್ಲ ಹೊಲದ ಮಣ್ಣಿನ ಮಾತಾಯಿತು. ಅಳವಂಡಿಯಿಂದ ಕೊಪ್ಪಳ ದಾಟಿ ಹೊಸಪೇಟೆಯತ್ತ ಸಾಗಿದರೆ ಧೂಳಿನ ಸ್ವರೂಪವೇ ಬದಲಾಗುತ್ತದೆ. ಗಿಣಿಗೇರಾ, ಹಿರೇಬಗನಾಳ ಸುತ್ತಮುತ್ತ ಉಕ್ಕು ಹಾಗೂ ಸ್ಪಾಂಜ್ ಐರನ್ ಘಟಕಗಳಿವೆ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅದಿರು, ಕಲ್ಲಿದ್ದಲು, ಬೂದಿ ಹೊತ್ತ ಲಾರಿಗಳ ಓಡಾಟ ನಿತ್ಯದ್ದು. ಚಳಿಗಾಲದಲ್ಲಿ ಬೀಸುವುದು ಮೂಡಣ ಗಾಳಿ. ಕಾರ್ಖಾನೆಗಳಿರುವುದು ನಗರದ ಮೂಡಣಕ್ಕೆ. ತಂಪು ಹೊತ್ತಿನಲ್ಲಿ ಗಾಳಿ ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುವುದರಿಂದ ಕರಿಪುಡಿ ಚದುರದೆ ಕೆಳಗಿಳಿಯುತ್ತದೆ.

ಈ ಪುಡಿಯಲ್ಲಿ ಲೋಹರೂಪದ ಕಬ್ಬಿಣವಿದ್ದರೆ ತೊಂದರೆ ಗೀರಿಗಷ್ಟೇ ನಿಲ್ಲುವುದಿಲ್ಲ. ಇಬ್ಬನಿ ತಾಗಿದ ಕಣ ಬಣ್ಣದ ಮೇಲೆಯೇ ತುಕ್ಕು ಹಿಡಿದು, ಪದರಕ್ಕೆ ಕಚ್ಚಿಕೊಂಡು ಕಿತ್ತಳೆ ಬಣ್ಣದ ಚುಕ್ಕೆಯಾಗುತ್ತದೆ. ಬಿಳಿ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ಎಷ್ಟೋ ಮಾಲೀಕರು ತಮ್ಮ ಕಾರಿನ ತಗಡೇ ತುಕ್ಕು ಹಿಡಿಯಿತೆಂದು ಗಾಬರಿಯಾಗುವುದುಂಟು. ಪರೀಕ್ಷೆ ಸುಲಭ: ತೊಳೆದ ಕಾರಿನ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಟ್ಟು ಸವರಿದರೆ ಕಚ್ಚಿಕೊಂಡ ಕಣಗಳು ತರಿತರಿಯಾಗಿ ಬೆರಳಿಗೆ ಸಿಗುತ್ತವೆ. ಶಾಂಪೂವಿಗೆ ಇವು ಜಗ್ಗುವುದಿಲ್ಲ. ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿದರೆ ಅದು ನೇರಳೆಗೆ ತಿರುಗಿ ಕಣವನ್ನು ಬಿಡಿಸುತ್ತದೆ; ಉಳಿದದ್ದನ್ನು ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯಿಂದ, ಸೋಪಿನ ನೀರು ಧಾರಾಳವಾಗಿ ಹಾಕಿ, ಹಗುರವಾಗಿ ಎತ್ತಬಹುದು. ಉಗುರಿನಿಂದ ಕೆರೆಯಬಾರದು.

ಪ್ರಶ್ನೆ ಏಳುವುದು ಇಲ್ಲಿಯೇ. ಹೊಲದ ಮಣ್ಣಿಗೆ ಯಾರನ್ನೂ ದೂರುವಂತಿಲ್ಲ. ಆದರೆ ಅದಿರಿನ ಪುಡಿ ತಾನಾಗಿ ಹಾರಿ ಬರುವುದಲ್ಲ. ಸ್ಪಾಂಜ್ ಐರನ್ ಘಟಕಗಳಿಗೆಂದೇ ಕೇಂದ್ರ ಪರಿಸರ ಸಚಿವಾಲಯ 2008ರಲ್ಲಿ ಪ್ರತ್ಯೇಕ ಮಿತಿಗಳನ್ನು ಅಧಿಸೂಚಿಸಿದೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ 10 ಮೈಕ್ರಾನ್‌ಗಿಂತ ಸಣ್ಣ ಕಣಗಳ ಪ್ರಮಾಣ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರುವಂತಿಲ್ಲ. ಮಿತಿಮೀರಿ ಹೇರಿದ ಲಾರಿಗೆ 2019ರ ತಿದ್ದುಪಡಿಯ ಬಳಿಕ 20 ಸಾವಿರ ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ರೂಪಾಯಿ ದಂಡವಿದೆ. ಒಂದು ತಾಡಪತ್ರಿ ಬಿಗಿಯಾಗಿ ಕಟ್ಟಿದ್ದರೆ ಉಳಿಯುತ್ತಿದ್ದ ಪುಡಿಯನ್ನು ತೊಳೆಯಲು ರಸ್ತೆಯ ಇಕ್ಕೆಲದ ನೂರಾರು ಮನೆಗಳು ನೀರು, ಸಮಯ, ದುಡ್ಡು ಸುರಿಯುತ್ತಿವೆ. ಉತ್ಪಾದನೆಯ ಲೆಕ್ಕಪತ್ರದಲ್ಲಿ ಈ ವೆಚ್ಚ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಬಲ್ಡೋಟ ಸಮೂಹದ ಬೃಹತ್ ಉಕ್ಕು ಕಾರ್ಖಾನೆಯ ಪ್ರಸ್ತಾಪವನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ನಡೆದ ಕೊಪ್ಪಳ ಬಂದ್‌ಗೆ ಜನ ಬೀದಿಗಿಳಿದದ್ದು ಕಾರುಗಳಿಗಾಗಿ ಅಲ್ಲ, ಉಸಿರಿಗಾಗಿ, ಬೆಳೆಗಾಗಿ. ಗವಿಮಠದ ಸ್ವಾಮೀಜಿಯವರೂ ಅದರಲ್ಲಿ ಪಾಲ್ಗೊಂಡರು. ಬಳಿಕ ಮುಖ್ಯಮಂತ್ರಿ ಸಿದ್ದರಾಮಯ್ಯ ಕಾಮಗಾರಿ ನಿಲ್ಲಿಸುವಂತೆ ಸೂಚಿಸಿದರು. ಆದರೂ ಹೊಸ ಕಾರ್ಖಾನೆಯ ಚರ್ಚೆಯ ಭರದಲ್ಲಿ, ಈಗಾಗಲೇ ಓಡುತ್ತಿರುವ ಲಾರಿಗಳ ತಾಡಪತ್ರಿಯ ಪ್ರಶ್ನೆ ಹಿಂದೆ ಸರಿಯಬಾರದು.

ಇತ್ತ ಅಳವಂಡಿ ಭಾಗದಂಥ ಎರೆನಾಡಿನ ರಸ್ತೆಗಳಲ್ಲಿ ಜನವರಿ ಕಳೆಯುತ್ತಿದ್ದಂತೆ ಇನ್ನೊಂದು ಸಮಸ್ಯೆ ತಲೆದೋರುತ್ತದೆ. ಕಣವಿಲ್ಲದ ರೈತರು ಡಾಂಬರಿನ ಮೇಲೆಯೇ ಬೆಳೆ ಹರವಿ, ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಉದ್ಯೋಗ ಖಾತ್ರಿ ಯೋಜನೆಯಡಿ ಒಕ್ಕಣೆ ಕಣ ಕಟ್ಟಿಕೊಳ್ಳಲು ಅವಕಾಶ ನೀಡಲಾಗಿತ್ತಾದರೂ ರಸ್ತೆಯ ರಾಶಿ ನಿಂತಿಲ್ಲ. ಅದರ ಮೇಲೆ ಹಾಯುವ ಕಾರಿನ ಬಣ್ಣಕ್ಕೆ ಆಗುವ ಹಾನಿ ಅಲ್ಪ. ಭಯವಿರುವುದು ತಳಭಾಗದ್ದು: ಒಣಗಿದ ಹೊಟ್ಟು, ಬಳ್ಳಿ ಸುತ್ತಿಕೊಂಡು ಕಾದ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ರಾಜ್ಯದಲ್ಲಿ ಈ ರೀತಿ ಕಾರುಗಳು ಸುಟ್ಟ ಉದಾಹರಣೆಗಳಿವೆ. ರಾಶಿ ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ಕೂಡಲೇ ಕಾರು ನಿಲ್ಲಿಸಿ, ಎಲ್ಲರೂ ಇಳಿದು ದೂರ ಸರಿಯಬೇಕು. ವಾಸನೆ ಇಲ್ಲದಿದ್ದರೂ ಮುಂದಿನ ಊರಿನಲ್ಲಿ ಒಮ್ಮೆ ಬಾಗಿ ಗಾಲಿಗಳ ಸಂದು ನೋಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು.