ಸಾರಾಂಶವೂ ಸತ್ಯವ್ರತದ ವಿಷಯವೇ

೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿತು. ೩೧ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯಿತ್ತಿತು. ಸಲ್ಲೇಖನವೆಂದರೆ ಉಪವಾಸದಿಂದ ಸಾಯುವುದೆಂದಷ್ಟೇ ಸಾರಾಂಶ ಬರೆದವರು, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ ನಿಬಂಧನೆಗಳನ್ನೇ ಕೈಬಿಟ್ಟರು: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಅದು ಅನ್ಯಾಯ.

ಆದರೆ ನಮ್ಮಲ್ಲಿ ಅನೇಕರು ಮಾಡಿದ್ದೇನು? ತೀರ್ಪನ್ನು ಓದದೆಯೇ ಧರ್ಮದ್ವೇಷವೆಂದು ಜರೆದೆವು. ಸಲ್ಲೇಖನವು ಧರ್ಮದ ಅವಶ್ಯ ಅಂಗವೆಂಬುದು ಸಿದ್ಧವಾಗಿಲ್ಲವೆಂಬ ಅದರ ಮುಖ್ಯ ವಾದವನ್ನು ನಮ್ಮ ಮಕ್ಕಳಿಗೆ ತಿಳಿಸಲೇ ಇಲ್ಲ. ತಡೆಯಾಜ್ಞೆಯನ್ನು ಅಂತಿಮ ಜಯವೆಂದು ಸಾರಿದೆವು.

ತತ್ತ್ವಾರ್ಥಸೂತ್ರವು ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಎದುರಾಳಿಯ ಮಾತನ್ನು ಮೊಟಕುಗೊಳಿಸಿ ಬರೆದ ಸಾರಾಂಶವೂ ಕೂಟಲೇಖವೇ. ಪೂರ್ವಪಕ್ಷವನ್ನು ಅದರ ಪ್ರತಿಪಾದಕನೇ ಒಪ್ಪುವಂತೆ ನಿರೂಪಿಸಿ, ಅನಂತರ ಖಂಡಿಸೋಣ. ಅದಾಗದಿದ್ದರೆ ಅನೇಕಾಂತದ ಹೆಸರೆತ್ತುವ ಅಧಿಕಾರ ನಮಗಿಲ್ಲ.