ಕೀಲು ಬಿಟ್ಟು ಕೀಲಿಗೆ ಹೋಗುವ ನೋವು

ಐದರಿಂದ ಹದಿನೈದು ವರ್ಷದ ಮಕ್ಕಳಿರುವ ಮನೆಯವರಿಗೆ, ಆ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಿಗೆ, ಟೀಚರುಗಳಿಗೆ ಈ ಮನವಿ. ಮಗುವಿಗೆ ಗಂಟಲುನೋವು ಬಂದು ಹೋಗಿ ಎರಡು ಮೂರು ವಾರ ಕಳೆದಿರುತ್ತದೆ. ಆಮೇಲೆ ಜ್ವರ ಬರುತ್ತದೆ, ಮಂಡಿ ಊದುತ್ತದೆ. ಮಂಡಿ ಸರಿಹೋಯಿತು ಎನ್ನುವಷ್ಟರಲ್ಲಿ ನೋವು ಪಾದದ ಗಂಟಿಗೆ ಇಳಿಯುತ್ತದೆ, ಅಲ್ಲಿಂದ ಮೊಣಕೈಗೆ ಹೋಗುತ್ತದೆ. ಬೆಳೆಯುವ ವಯಸ್ಸು, ಆಡುವಾಗ ಉಳುಕಿರಬೇಕು, ವಾಯು ಇರಬೇಕು ಎಂದುಕೊಂಡು ಎಣ್ಣೆ ತಿಕ್ಕಿ ಮಲಗಿಸುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ಅದು ರುಮ್ಯಾಟಿಕ್ ಜ್ವರ ಇರಬಹುದು. ಕೀಲುನೋವು ಗುರುತೂ ಇಲ್ಲದಂತೆ ಹೋಗುತ್ತದೆ. ಹೃದಯದ ಕವಾಟಕ್ಕೆ ಆದ ಗಾಯ ಮಾತ್ರ ಎಷ್ಟೋ ಮಕ್ಕಳಲ್ಲಿ ಉಳಿದುಬಿಡುತ್ತದೆ.

ಗಂಟಲಿಗೆ ಬಂದ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ಗುರಿ ತಪ್ಪಿ ತನ್ನದೇ ಕೀಲು, ಹೃದಯ, ಮಿದುಳಿನ ಮೇಲೆ ಬೀಳುವುದರಿಂದ ಈ ಕಾಯಿಲೆ ಬರುತ್ತದೆ. ಸೋಂಕು ಮತ್ತೆ ಮತ್ತೆ ಬಂದರೆ ಕವಾಟ ದಪ್ಪವಾಗುತ್ತದೆ, ಅಂಚುಗಳು ಅಂಟಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಹೃದ್ರೋಗ. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಹೃದಯದಲ್ಲಿ ಹೀಗೊಂದು ತೊಂದರೆ ಇದೆ ಎಂದು ತಿಳಿಯುವುದೇ ಮೊದಲ ಬಸುರಿನಲ್ಲಿ ಉಸಿರು ಕಟ್ಟಿದಾಗ. ಬೆಂಗಳೂರಿನ ಜಯದೇವ ಆಸ್ಪತ್ರೆ ಬಿಗಿದ ಕವಾಟವನ್ನು ಬಲೂನಿನಿಂದ ಬಿಡಿಸುವ ಚಿಕಿತ್ಸೆಗೆ ಹೆಸರಾಗಿದೆ. ಆ ಚಿಕಿತ್ಸೆಗೆಂದು ಅಲ್ಲಿ ಮಲಗಿದವರಲ್ಲಿ ಹೆಚ್ಚಿನವರ ಕಥೆ ಶುರುವಾದದ್ದು ಬಾಲ್ಯದ ಯಾವುದೋ ಗಂಟಲುನೋವಿನಲ್ಲಿ.

ಹಾಗಾದರೆ ಆಗಲೇ ಏಕೆ ಹಿಡಿಯಲಿಲ್ಲ? ಡೆಂಗಿಗೆ, ಮಲೇರಿಯಾಕ್ಕೆ ರಕ್ತಪರೀಕ್ಷೆ ಇದೆ. ರುಮ್ಯಾಟಿಕ್ ಜ್ವರ ಹೌದೋ ಅಲ್ಲವೋ ಎಂದು ಹೇಳುವ ಒಂದೇ ಒಂದು ಪರೀಕ್ಷೆ ಇವತ್ತಿಗೂ ಇಲ್ಲ. ಎಎಸ್‌ಒ ಎಂಬ ರಕ್ತಪರೀಕ್ಷೆ ಈಚೆಗೆ ಸ್ಟ್ರೆಪ್ಟೋಕಾಕಸ್ ಸೋಂಕು ಬಂದಿತ್ತು ಎಂಬುದನ್ನಷ್ಟೇ ಸೂಚಿಸುತ್ತದೆ. ವೈದ್ಯರು ಈಗಲೂ ನೆಚ್ಚಿಕೊಂಡಿರುವುದು 1944ರಲ್ಲಿ ಅಮೆರಿಕದ ಡಾ. ಡಕೆಟ್ ಜೋನ್ಸ್ ಹೊಂದಿಸಿದ ಲಕ್ಷಣಗಳ ಪಟ್ಟಿಯನ್ನು. ಅಮೆರಿಕದಲ್ಲಿ ಕಾಯಿಲೆ ಅಪರೂಪವಾಗುತ್ತ ಹೋದಂತೆ ಆ ಪಟ್ಟಿಯ ನಿಯಮಗಳು ಬಿಗಿಯಾದವು. ಕಾಯಿಲೆ ಇನ್ನೂ ಕಾಡುತ್ತಿದ್ದ ದೇಶಗಳ ಮಕ್ಕಳು ಆ ಬಿಗಿ ಜರಡಿಯಲ್ಲಿ ಸೋರಿಹೋದರು. 2015ರ ಪರಿಷ್ಕರಣೆಯಲ್ಲಿ ಇದನ್ನು ತಿದ್ದಲಾಯಿತು. ಕಾಯಿಲೆ ಹೆಚ್ಚಿರುವ ಕಡೆ ಒಂದೇ ಕೀಲು ಊದಿದ್ದರೂ ಅದು ಮುಖ್ಯ ಲಕ್ಷಣ, ಸ್ಟೆತಸ್ಕೋಪಿಗೆ ಕೇಳಿಸದೆ ಎಕೋದಲ್ಲಷ್ಟೇ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಷ್ಟೇ) ಕಂಡ ಕವಾಟದ ಸೋರಿಕೆಯೂ ಲೆಕ್ಕಕ್ಕೆ ಬರುತ್ತದೆ. ಈ ತಿದ್ದುಪಡಿಗೆ ಇಷ್ಟು ವರ್ಷ ಹಿಡಿದದ್ದು ಅನ್ಯಾಯ ಎಂದೇ ನನ್ನ ಭಾವನೆ.

ಎಕೋದ ಮಹತ್ವ ಎದ್ದು ಕಂಡದ್ದು ಬಡ ದೇಶಗಳ ಶಾಲೆಗಳಲ್ಲಿ. ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾ ಮಕ್ಕಳಿಗೆ ಎಕೋ ಮಾಡಿದಾಗ, ಸ್ಟೆತಸ್ಕೋಪಿನಿಂದ ಪತ್ತೆಯಾದದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಹೃದಯದ ತೊಂದರೆ ಕಂಡಿತು. ಆ ವರದಿ ಪ್ರಕಟವಾದದ್ದು 2007ರಲ್ಲಿ. ಮುಂದೆ ಉಗಾಂಡದ ಗುಲು ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಎಕೋ ಮೂಲಕ ನೋಡಿ, ಲಕ್ಷಣವೇ ಇಲ್ಲದೆ ಕವಾಟ ಕೆಡಲು ಶುರುವಾಗಿದ್ದ 818 ಮಕ್ಕಳನ್ನು ಎರಡು ಗುಂಪು ಮಾಡಿದರು. ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಪಡೆದ ಗುಂಪಿನಲ್ಲಿ ಎರಡು ವರ್ಷದ ನಂತರ ಕಾಯಿಲೆ ಮುಂದುವರಿದದ್ದು ಮೂವರಲ್ಲಿ. ಪಡೆಯದ ಗುಂಪಿನಲ್ಲಿ 33 ಮಕ್ಕಳಲ್ಲಿ. ಬೇಗ ಪತ್ತೆಯಾದರೆ ಹಳೆಯ, ಅಗ್ಗದ ಒಂದು ಔಷಧಿಯೇ ಕವಾಟವನ್ನು ಕಾಯುತ್ತದೆ.

ಈಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಉಗಾಂಡ, ಅಮೆರಿಕದ ಸಂಶೋಧಕರು ಮಕ್ಕಳ ರಕ್ತದಲ್ಲಿ ಈ ಜ್ವರದ ಖಚಿತ ಗುರುತು ಸಿಗುತ್ತದೆಯೇ ಎಂದು ಹುಡುಕುತ್ತಿದ್ದಾರೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ, ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಈ ಕಾಯಿಲೆ ಇನ್ನೂ ಹೆಚ್ಚು. ಆದರೆ ರುಮ್ಯಾಟಿಕ್ ಹೃದ್ರೋಗಿಗಳ ಸಂಖ್ಯೆ ಜಗತ್ತಿನಲ್ಲೇ ಅತಿ ಹೆಚ್ಚಿರುವುದು ಭಾರತದಲ್ಲಿ. ಊರಿಂದ ಊರಿಗೆ ಸ್ಟ್ರೆಪ್ಟೋಕಾಕಸ್ ತಳಿಗಳು ಬೇರೆ, ಜನರ ಆನುವಂಶಿಕತೆ ಬೇರೆ. ನಮ್ಮ ಮಕ್ಕಳ ಮೇಲೆ ಒರೆಹಚ್ಚದ ಪರೀಕ್ಷೆಯನ್ನು ನಾಳೆ ನಮ್ಮ ತಾಲ್ಲೂಕು ಆಸ್ಪತ್ರೆ ನಂಬುವುದು ಹೇಗೆ? ದಕ್ಷಿಣ ಆಫ್ರಿಕಾದ ಡಾ. ಬೊಂಗಾನಿ ಮಯೋಸಿ ಮುಂದಾಳತ್ವದಲ್ಲಿ ನಡೆದ ಈ ಹೃದ್ರೋಗದ ಅಧ್ಯಯನದಲ್ಲಿ ಆಫ್ರಿಕಾದ 12 ದೇಶಗಳ, ಯೆಮನ್‌ನ ಜೊತೆ ಭಾರತದ ರೋಗಿಗಳೂ ಇದ್ದರು. ಪತ್ತೆಯ ಸಂಶೋಧನೆಯಲ್ಲೂ ನಾವು ಹಾಗೆಯೇ ಪಾಲುದಾರರಾಗಬೇಕು. 2018ರ ವಿಶ್ವ ಆರೋಗ್ಯ ಸಭೆಯಲ್ಲಿ ಈ ಕಾಯಿಲೆಯ ವಿರುದ್ಧ ನಿರ್ಣಯವಾಗಿದೆ. ಅದಕ್ಕೆ ತಕ್ಕ ಹಣ, ಎಕೋ ಯಂತ್ರ, ತರಬೇತಿ ಜಿಲ್ಲಾ ಆಸ್ಪತ್ರೆಗೆ ಬಂದಿದೆಯೇ ಎಂದು ನಿಮ್ಮ ಶಾಸಕರನ್ನು ಕೇಳಿ.

ಪರೀಕ್ಷೆ ಬರುವವರೆಗೆ ಪತ್ತೆಯ ಅರ್ಧ ಕೆಲಸ ನಿಮ್ಮದೇ. ವೈದ್ಯರು ನೋಡುವ ಮೊದಲೇ ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿಸಿದರೆ ಕೀಲಿನಿಂದ ಕೀಲಿಗೆ ಹೋಗುವ ನೋವು ಅಲ್ಲೇ ಅಡಗುತ್ತದೆ, ವೈದ್ಯರ ಕೈಗೆ ಸುಳಿವೇ ಸಿಗದು. ಗಂಟಲುನೋವು ಯಾವಾಗ ಬಂದಿತ್ತು, ಯಾವ ಕೀಲು ಮೊದಲು ಊದಿತು ಎಂಬುದನ್ನು ಬರೆದಿಟ್ಟು ಹೇಳಿ. ಎಕೋ ಬೇಕೇ ಎಂದು ಕೇಳಲು ಸಂಕೋಚಪಡಬೇಡಿ. ಶಿಕ್ಷಕರೇ, ಚೆನ್ನಾಗಿ ಬರೆಯುತ್ತಿದ್ದ ಹುಡುಗಿಯ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ, ಕೈಯಿಂದ ಪೆನ್ಸಿಲು ಜಾರುತ್ತಿದ್ದರೆ, ಮುಖ ಕೈಕಾಲು ತಾವಾಗಿಯೇ ಅಲುಗುತ್ತಿದ್ದರೆ ಬೈಯಬೇಡಿ. ಕೊರಿಯಾ ಎಂಬ ಈ ಲಕ್ಷಣ ಗಂಟಲುನೋವಾಗಿ ತಿಂಗಳುಗಳ ನಂತರವೂ ಬರಬಹುದು. ಆಗ ರಕ್ತಪರೀಕ್ಷೆ ಸರಿಯಾಗಿದ್ದರೂ ಕಾಯಿಲೆ ಇಲ್ಲವೆಂದಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುವ ದಿನ ಮಗುವನ್ನು ತಪ್ಪದೆ ಕಳಿಸಿ. ಅವರು ನೋಡಬೇಕಾದ ಕಾಯಿಲೆಗಳಲ್ಲಿ ಇದೂ ಇದೆ. ಸಂಶೋಧಕರು ಬಂದು ಮಗುವಿನ ರಕ್ತ ಕೇಳಿದರೆ ಹೆದರಿ ಬಾಗಿಲು ಹಾಕಬೇಡಿ, ಕೇಳದೆ ಸಹಿಯನ್ನೂ ಹಾಕಬೇಡಿ. ಯಾತಕ್ಕೆ, ಎಲ್ಲಿಡುತ್ತಾರೆ, ಕಾಯಿಲೆ ಕಂಡರೆ ಚಿಕಿತ್ಸೆ ಯಾರು ಕೊಡಿಸುತ್ತಾರೆ ಎಂದು ಕೇಳಿ, ಉತ್ತರ ಒಪ್ಪಿಗೆಯಾದರೆ ಕೊಡಿ. ಮಗುವಿಗೆ ಈಗಾಗಲೇ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬರೆದಿದ್ದರೆ, ಹಬ್ಬವಿರಲಿ ಪರೀಕ್ಷೆ ಇರಲಿ, ಆ ದಿನ ತಪ್ಪಿಸಬೇಡಿ.